ಗೋ ರನ್‌ಟೈಮ್‌ನಲ್ಲಿ ಡೆಡ್‌ಲಾಕ್ ಹಿಡಿಯುವುದು: ಕಾಟಾ ಪ್ರೋಗ್ರಾಮಿನ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳ ಕಾಟಾಕ್ಕೆ, ಅಂದರೆ ಗಾಡಿ ತೂಗುವ ವೇದಿಕೆಗೆ, ಹಗಲು ರಾತ್ರಿ ಬಿಡುವಿಲ್ಲ. ತುಂಬಿದ ಟ್ರ್ಯಾಕ್ಟರ್ ಕಾಟಾ ಹತ್ತಿ ಒಟ್ಟು ತೂಕ ಬರೆಸಿ ಯಾರ್ಡಿಗೆ ಹೋಗುತ್ತದೆ. ಕಬ್ಬು ಇಳಿಸಿದ ಗಾಡಿ ಮತ್ತೆ ಕಾಟಾ ಹತ್ತಿ ಖಾಲಿ ತೂಕ ಬರೆಸಿ ಹೊರಬೀಳುತ್ತದೆ. ಇದರ ಸಾಫ್ಟ್‌ವೇರನ್ನು ಗೋ ಭಾಷೆಯಲ್ಲಿ ಬರೆದು ಬೆಳಗಾವಿಯಲ್ಲಿ ಕೂತು ನೋಡಿಕೊಳ್ಳುವವರಿಗೆ ರಾತ್ರಿ ಬರುವ ಫೋನ್ ಸಾಮಾನ್ಯವಾಗಿ ಇಂಥದ್ದು: "ಸರ, ಕಾಟಾ ಹ್ಯಾಂಗ್ ಆಗೇತ್ರಿ, ಗಾಡಿ ಲೈನ್ ಹಚ್ಚ್ಯಾವ. ರಿಸ್ಟಾರ್ಟ್ ಮಾಡ್ಲೇನ್ರಿ?" ಪರದೆಯ ಮೇಲೆ ಎರರ್ ಇಲ್ಲ, ಲಾಗ್‌ನಲ್ಲಿ ಸುಳಿವಿಲ್ಲ, ಪ್ರೋಸೆಸ್ ಮಾತ್ರ ಬದುಕಿದೆ. ಆಗಲೇ "ಮಾಡ್ರಿ" ಎಂದುಬಿಟ್ಟರೆ ಕಾರಣ ಹುಡುಕಲು ಬೇಕಾದ ಸಾಕ್ಷ್ಯವೆಲ್ಲ ಮೆಮರಿಯ ಜೊತೆ ಅಳಿಸಿಹೋಗುತ್ತದೆ.

ಡೆಡ್‌ಲಾಕ್ ಎಂದರೆ ಪ್ರೋಗ್ರಾಮಿನ ಭಾಗಗಳು ಒಂದನ್ನೊಂದು ಕಾಯುತ್ತ ಯಾವುದೂ ಮುಂದುವರಿಯದೆ ನಿಲ್ಲುವುದು. "ಗೋ ತಾನೇ ಡೆಡ್‌ಲಾಕ್ ಹಿಡಿದು ಹೇಳುತ್ತದಲ್ಲ, ಹೇಳಲಿಲ್ಲವೆಂದರೆ ಡೆಡ್‌ಲಾಕ್ ಆಗಿರಲಿಕ್ಕಿಲ್ಲ" ಎನ್ನುವ ನಂಬಿಕೆ ಕಾಲೇಜಿನ ಪ್ರಾಜೆಕ್ಟ್ ಮಾಡುವವರಲ್ಲೂ ಕಂಪನಿಗಳಲ್ಲೂ ಬಲವಾಗಿದೆ. ಸರ್ವರ್ ಪ್ರೋಗ್ರಾಮುಗಳ ಮಟ್ಟಿಗೆ ಈ ನಂಬಿಕೆ ತಪ್ಪು. ಪ್ರೋಗ್ರಾಮಿನೊಳಗೇ ಓಡುವ ಗೋ ರನ್‌ಟೈಮ್‌ನಲ್ಲಿ ಕೆಲಸ ಹಂಚುವ ಶೆಡ್ಯೂಲರ್ ಏನನ್ನು ಎಣಿಸುತ್ತದೆ, ಯಾವುದು ಅದರ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ಸ್ಪಷ್ಟವಾದರೆ ಉಳಿದ ಹುಡುಕಾಟ ಅರ್ಧ ಗಂಟೆಯ ಕೆಲಸ.

ಸಣ್ಣ ಪ್ರೋಗ್ರಾಮಿನಲ್ಲಿ ಮೊದಲು ಕಣ್ಣಾರೆ ನೋಡಿ

ಎರಡು ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಲ್ಲ ಲಾಕ್) ಇಟ್ಟುಕೊಳ್ಳಿ, ಕಾಟಾಕ್ಕೊಂದು, ಯಾರ್ಡಿನ ಜಾಗದ ಪಟ್ಟಿಗೊಂದು. ಎರಡನ್ನೂ ಒಂದೇ ಸ್ಟ್ರಕ್ಟ್‌ನಲ್ಲಿ ಪಕ್ಕಪಕ್ಕ ಬರೆಯಿರಿ. "ಒಳಗೆ" ಎಂಬ ಫಂಕ್ಷನ್ ಕಾಟಾ ಲಾಕ್ ಹಿಡಿದು, ಒಟ್ಟು ತೂಕ ಬರೆದು, ಅದನ್ನು ಬಿಡದೆ ಯಾರ್ಡ್ ಲಾಕ್ ಕೇಳಲಿ. "ಹೊರಗೆ" ಎಂಬ ಫಂಕ್ಷನ್ ಯಾರ್ಡ್ ಲಾಕ್ ಹಿಡಿದು, ಜಾಗ ಖಾಲಿ ಎಂದು ಗುರುತು ಹಾಕಿ, ಅದನ್ನು ಹಿಡಿದುಕೊಂಡೇ ಕಾಟಾ ಲಾಕ್ ಕೇಳಲಿ. ಎರಡೂ ಫಂಕ್ಷನ್‌ಗಳಲ್ಲಿ ಮೊದಲ ಲಾಕ್ ಮತ್ತು ಎರಡನೇ ಲಾಕ್ ನಡುವೆ 10 ಮಿಲಿಸೆಕೆಂಡ್ ಸ್ಲೀಪ್ ಹಾಕಿ. ಈ ಸ್ಲೀಪ್ ಇಲ್ಲದಿದ್ದರೆ ಎಷ್ಟೋ ಸಲ ಪ್ರೋಗ್ರಾಮ್ ಸರಿಯಾಗಿಯೇ ಓಡಿ ಮುಗಿಯುತ್ತದೆ, ದೋಷ ಕಾಣಿಸುವುದಿಲ್ಲ. ಮೇನ್‌ನಿಂದ ಎರಡಕ್ಕೂ ತಲಾ ಒಂದು ಗೋರುಟೀನ್ (ಜೊತೆಜೊತೆಗೆ ಓಡುವ ಗೋದ ಹಗುರ ಟಾಸ್ಕ್) ಹೊರಡಿಸಿ, ಎರಡೂ ಮುಗಿಯುವವರೆಗೆ ವೇಟ್‌ಗ್ರೂಪ್ ಮೇಲೆ ಕಾಯಿರಿ.

ಓಡಿಸಿದರೆ "ಫೇಟಲ್ ಎರರ್: ಆಲ್ ಗೋರುಟೀನ್ಸ್ ಆರ್ ಅಸ್ಲೀಪ್ - ಡೆಡ್‌ಲಾಕ್!" ಎಂಬ ಸಾಲು, ಅದರ ಕೆಳಗೆ ಎಲ್ಲ ಗೋರುಟೀನ್‌ಗಳ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದು ಎಲ್ಲಿ ನಿಂತಿದೆ ಎಂಬ ಪಟ್ಟಿ) ಬರುತ್ತದೆ. ಪ್ರೋಗ್ರಾಮ್ 2 ಎಂಬ ಎಕ್ಸಿಟ್ ಕೋಡ್‌ನೊಂದಿಗೆ ಸಾಯುತ್ತದೆ. ಇದು ಪ್ಯಾನಿಕ್ ಅಲ್ಲವಾದ್ದರಿಂದ ರಿಕವರ್‌ನಿಂದ ಹಿಡಿಯಲು ಬರುವುದಿಲ್ಲ.

ಈಗ ಅದೇ ಪ್ರೋಗ್ರಾಮಿಗೆ 8080 ಪೋರ್ಟ್‌ನಲ್ಲಿ ಕೇಳುವ ಒಂದು ಎಚ್‌ಟಿಟಿಪಿ ಸರ್ವರ್ ಸೇರಿಸಿ. ಅದಕ್ಕೂ ಆ ಲಾಕ್‌ಗಳಿಗೂ ಸಂಬಂಧವೇ ಬೇಡ. ಮತ್ತೆ ಓಡಿಸಿ. ಎರಡು ಗೋರುಟೀನ್‌ಗಳು ಮೊದಲಿನಂತೆಯೇ ಒಂದನ್ನೊಂದು ಕಾಯುತ್ತ ನಿಲ್ಲುತ್ತವೆ, ಆದರೆ ಯಾವ ಸಂದೇಶವೂ ಬರುವುದಿಲ್ಲ. ರಾತ್ರಿಯ ಆ ಫೋನ್ ಬರುವುದು ಈ ಸ್ಥಿತಿಯಲ್ಲೇ.

ಶೆಡ್ಯೂಲರ್ ಎಣಿಸುವುದು ಥ್ರೆಡ್‌ಗಳನ್ನು

ಗೋ ಶೆಡ್ಯೂಲರ್‌ನಲ್ಲಿ ಮೂರು ಪಾತ್ರಗಳಿವೆ. ಜಿ ಎಂದರೆ ಗೋರುಟೀನ್, ಎಂ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ಥ್ರೆಡ್, ಪಿ ಎಂದರೆ ಗೋ ಕೋಡ್ ಓಡಿಸಲು ಎಂ ಹಿಡಿದಿರಬೇಕಾದ ಪರವಾನಗಿ. ಪ್ರತಿ ಪಿಗೂ ತನ್ನದೇ ರನ್ ಕ್ಯೂ ಉಂಟು. 2013ರಲ್ಲಿ ಬಂದ 1.1 ಆವೃತ್ತಿಯಿಂದ ಈ ವಿನ್ಯಾಸ ನಡೆದುಬಂದಿದೆ. ಕೆಲಸ ಸಿಗದ ಎಂ ನಿದ್ದೆಗೆ ಹೋಗುವಾಗ ರನ್‌ಟೈಮ್ ಚೆಕ್‌ಡೆಡ್ ಎಂಬ ಒಳ ಫಂಕ್ಷನ್ ಕರೆಯುತ್ತದೆ. ಡೆಡ್‌ಲಾಕ್ ಪತ್ತೆಯ ಪೂರ್ತಿ ಕೆಲಸ ಅದರದ್ದೇ. ರನ್‌ಟೈಮ್ ಸೋರ್ಸ್‌ನ ಪ್ರಾಕ್.ಗೋ ಫೈಲಿನಲ್ಲಿರುವ ಈ ಸಣ್ಣ ಫಂಕ್ಷನನ್ನು ಒಮ್ಮೆ ಓದಲೇಬೇಕು.

ಅದರ ಲೆಕ್ಕ ಸರಳ. ಒಟ್ಟು ಥ್ರೆಡ್‌ಗಳಲ್ಲಿ ಖಾಲಿ ಮಲಗಿದವು, ಒಂದು ಗೋರುಟೀನಿಗೇ ಕಟ್ಟಿಹಾಕಿ ಮಲಗಿಸಿದವು, ಸಿಸ್‌ಮಾನ್‌ನಂಥ ರನ್‌ಟೈಮ್‌ನ ಸ್ವಂತ ಥ್ರೆಡ್‌ಗಳು, ಈ ಮೂರನ್ನು ಕಳೆಯುತ್ತದೆ. ಉಳಿದದ್ದು ಸೊನ್ನೆಗಿಂತ ಹೆಚ್ಚಾದರೆ "ಯಾರೋ ಕೆಲಸದಲ್ಲಿದ್ದಾರೆ" ಎಂದು ಅಲ್ಲಿಗೇ ವಾಪಸಾಗುತ್ತದೆ. ಸೊನ್ನೆಯಾದರೆ ಎಲ್ಲ ಗೋರುಟೀನ್‌ಗಳ ಸ್ಥಿತಿ ನೋಡಿ, ರನ್‌ಟೈಮ್‌ನ ಸ್ವಂತದ್ದನ್ನು ಬಿಟ್ಟು, ಕಾಯುತ್ತಿರುವವನ್ನು ಎಣಿಸುತ್ತದೆ. ಓಡಲು ಸಿದ್ಧವಿರುವ ಗೋರುಟೀನ್ ಒಂದಾದರೂ ಕಂಡರೆ ರನ್‌ಟೈಮ್‌ನಲ್ಲೇ ತಪ್ಪಿದೆ ಎಂದರ್ಥ, ಆಗ ಬೇರೆಯೇ ಸಂದೇಶ ಕೊಟ್ಟು ಬೀಳುತ್ತದೆ. ಕೊನೆಗೆ ಯಾವುದಾದರೂ ಪಿಯಲ್ಲಿ ಟೈಮರ್ ಬಾಕಿ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದು ಮುಂದೆ ಯಾರನ್ನಾದರೂ ಎಬ್ಬಿಸೀತು ಎಂದು ಸುಮ್ಮನಾಗುತ್ತದೆ. ಇಷ್ಟೂ ದಾಟಿದರೆ ಮಾತ್ರ ಡೆಡ್‌ಲಾಕ್ ಎನ್ನುತ್ತದೆ.

ಯಾರ ಕೈಯಲ್ಲಿ ಯಾವ ಲಾಕ್ ಇದೆ, ಯಾರು ಯಾರನ್ನು ಕಾಯುತ್ತಿದ್ದಾರೆ ಎಂಬ ವಿಷಯ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ಬರಲು ಸಾಧ್ಯವೂ ಇಲ್ಲ, ಏಕೆಂದರೆ ಗೋ ಮ್ಯೂಟೆಕ್ಸ್ ತನ್ನನ್ನು ಹಿಡಿದವರು ಯಾರೆಂದು ಬರೆದಿಟ್ಟುಕೊಳ್ಳುವುದಿಲ್ಲ. ಒಂದು ಗೋರುಟೀನ್ ಹಿಡಿದ ಲಾಕನ್ನು ಇನ್ನೊಂದು ಬಿಡಬಹುದು, ಅದು ನಿಯಮಕ್ಕೆ ಒಪ್ಪುತ್ತದೆ. ಜಾವಾದ ಮಾನಿಟರ್‌ಗಳಲ್ಲಿ ಒಡೆಯನ ದಾಖಲೆ ಇರುವುದರಿಂದಲೇ ಅದರ ಥ್ರೆಡ್ ಡಂಪ್ ಚಕ್ರವನ್ನು ಹುಡುಕಿ ಹೆಸರು ಸಮೇತ ತೋರಿಸುತ್ತದೆ. ಹ್ಯಾಸ್ಕೆಲ್‌ನ ಜಿಎಚ್‌ಸಿ ಮೂರನೇ ದಾರಿ ಹಿಡಿಯುತ್ತದೆ. ಒಂದು ಥ್ರೆಡ್ ಕಾಯುತ್ತಿರುವ ವಸ್ತುವನ್ನು ಬೇರೆ ಯಾರೂ ತಲುಪಲಾರರು ಎಂದು ಗಾರ್ಬೇಜ್ ಕಲೆಕ್ಟರ್ ಬಳಕೆಯಿಲ್ಲದ ಮೆಮರಿಯ ಕಸ ಗುಡಿಸುವಾಗ ತಿಳಿದರೆ ಆ ಥ್ರೆಡ್‌ಗೆ ಎಕ್ಸೆಪ್ಷನ್ ಎಸೆಯುತ್ತದೆ.

ಗೋ ಪತ್ತೆಕಾರ ಬಾಯಿ ಮುಚ್ಚುವ ಸಂದರ್ಭಗಳು ಈಗ ಅರ್ಥವಾಗುತ್ತವೆ. ನೆಟ್‌ವರ್ಕ್ ಮೇಲೆ ಕಾಯುವ ಗೋರುಟೀನ್ ಒಂದಿದ್ದರೆ ಒಂದು ಥ್ರೆಡ್ ನೆಟ್‌ಪೋಲ್‌ನಲ್ಲಿ ಕೂತಿರುತ್ತದೆ, ಅದು ಖಾಲಿ ಎಂದು ಎಣಿಕೆಯಾಗುವುದಿಲ್ಲ. ಸಿಸ್ಟಮ್ ಕಾಲ್‌ನಲ್ಲಿ ಸಿಕ್ಕಿಕೊಂಡ ಥ್ರೆಡ್ ಕೂಡ ಹಾಗೆಯೇ. ಸಿಗ್ನಲ್ ನೋಟಿಫೈ ಕರೆದಿದ್ದರೆ ಸಿಗ್ನಲ್ ಕಾಯಲು ಒಂದು ಥ್ರೆಡ್ ಮೀಸಲಾಗುತ್ತದೆ. ಟಿಕರ್ (ನಿಗದಿತ ಅಂತರದಲ್ಲಿ ಎಬ್ಬಿಸುವ ಟೈಮರ್) ಮೇಲೆ ಕಾಯುವ ಒಂದು ಗೋರುಟೀನ್ ಇದ್ದರೆ ಟೈಮರ್ ಯಾವಾಗಲೂ ಬಾಕಿ. ಸಿಗೋ (ಗೋದಿಂದ ಸಿ ಕೋಡ್ ಕರೆಯುವ ವ್ಯವಸ್ಥೆ) ಬಳಕೆಯಾಗಿದ್ದರೆ ಹೆಚ್ಚುವರಿ ಥ್ರೆಡ್ ಒಂದು ಲೆಕ್ಕದಲ್ಲಿ ಸೇರಿ ಸೊನ್ನೆ ಬರುವುದೇ ಇಲ್ಲ. ನೀವು ಸಿ ಕೋಡ್ ಒಂದು ಸಾಲೂ ಬರೆಯದಿದ್ದರೂ ನೆಟ್ ಪ್ಯಾಕೇಜ್ ಮೂಲಕ ಸಿಗೋ ಒಳಬರುವುದುಂಟು. ಸಣ್ಣ ಪ್ರಯೋಗಗಳನ್ನು ಸಿಗೋ ಎನೇಬಲ್ಡ್ ವೇರಿಯಬಲ್ 0 ಇಟ್ಟು ಬಿಲ್ಡ್ ಮಾಡುವುದು ಇದೇ ಕಾರಣಕ್ಕೆ.

ಕಾಟಾ ಪ್ರೋಗ್ರಾಮಿನಲ್ಲಿ ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಓದುವ ಗೋರುಟೀನ್ ಇದೆ, ಬಿಲ್ಲಿಂಗ್ ಪರದೆಗೆ ಎಚ್‌ಟಿಟಿಪಿ ಇದೆ, ಡೇಟಾಬೇಸ್ ಇದೆ, ನಿಗದಿತ ಹೊತ್ತಿಗೆ ಬ್ಯಾಕಪ್ ತೆಗೆಯುವ ಟಿಕರ್ ಇದೆ. ಒಂದೊಂದೂ ಸಾಕು ಚೆಕ್‌ಡೆಡ್ ಸುಮ್ಮನಾಗಲು. ಹಾಗಾಗಿ ಮುಂದಿನ ಹುಡುಕಾಟ ಕೈಯಿಂದಲೇ ಆಗಬೇಕು.

ಹಂತ 1: ನಿಜವಾಗಿ ಡೆಡ್‌ಲಾಕೇ?

ಟಾಪ್ ಓಡಿಸಿ ಪ್ರೋಸೆಸ್‌ನ ಸಿಪಿಯು ನೋಡಿ. ಒಂದು ಕೋರ್ ಪೂರ್ತಿ ತಿನ್ನುತ್ತಿದ್ದರೆ ಅದು ಸುತ್ತುವ ಲೂಪ್ ಅಥವಾ ಲೈವ್‌ಲಾಕ್ (ಓಡುತ್ತಲೇ ಇದ್ದರೂ ಕೆಲಸ ಮುಂದೆ ಸಾಗದ ಸ್ಥಿತಿ), ಅದಕ್ಕೆ ಸಿಪಿಯು ಪ್ರೊಫೈಲ್ ಬೇಕು. ಸೊನ್ನೆಯ ಹತ್ತಿರವಿದ್ದರೆ ಮುಂದುವರಿಯಿರಿ. ಅದೇ ದೋಷವನ್ನು ಟೆಸ್ಟ್ ಮಷೀನ್‌ನಲ್ಲಿ ಮರುಕಳಿಸಬಲ್ಲಿರಾದರೆ ಗೋಡೀಬಗ್ ವೇರಿಯಬಲ್‌ಗೆ ಶೆಡ್‌ಟ್ರೇಸ್=1000 ಕೊಟ್ಟು ಓಡಿಸಿ. 1000 ಮಿಲಿಸೆಕೆಂಡಿಗೊಮ್ಮೆ ಶೆಡ್ಯೂಲರ್ ಒಂದು ಸಾಲು ಬರೆಯುತ್ತದೆ. ಐಡಲ್‌ಪ್ರಾಕ್ಸ್ (ಖಾಲಿ ಇರುವ ಪಿಗಳು) ಸಂಖ್ಯೆ ಗೋಮ್ಯಾಕ್ಸ್‌ಪ್ರಾಕ್ಸ್‌ಗೆ (ಒಟ್ಟು ಪಿಗಳು) ಸಮ, ರನ್‌ಕ್ಯೂ 0, ಚೌಕ ಕಂಸದೊಳಗಿನ ಪ್ರತಿ ಪಿಯ ಕ್ಯೂ ಕೂಡ 0 ಎಂದು ಸಾಲು ಸಾಲಾಗಿ ಬಂದರೆ ಓಡಲು ಸಿದ್ಧವಿರುವವರು ಯಾರೂ ಇಲ್ಲ. ಗಾಡಿಗಳ ವಿನಂತಿ ಬರುತ್ತಿರುವಾಗಲೂ ಹೀಗಿದ್ದರೆ ಎಲ್ಲರೂ ಎಲ್ಲೋ ಕಾಯುತ್ತಿದ್ದಾರೆ. ರನ್‌ಕ್ಯೂ ಏರುತ್ತ ಹೋದರೆ ಅದು ಬೇರೆ ಸಮಸ್ಯೆ, ಕೆಲಸ ಹೆಚ್ಚಾಗಿದೆ ಅಷ್ಟೆ.

ಹಂತ 2: ರಿಸ್ಟಾರ್ಟ್‌ಗೆ ಮುಂಚೆ ಡಂಪ್

ಡಂಪ್ ಎಂದರೆ ಆ ಕ್ಷಣದ ಎಲ್ಲ ಗೋರುಟೀನ್‌ಗಳ ಸ್ಟ್ಯಾಕ್ ಪಠ್ಯ. ಅದನ್ನು ತೆಗೆಯಲು ಎರಡು ದಾರಿ. ಲಿನಕ್ಸ್‌ನಲ್ಲಿ ಕ್ವಿಟ್ ಸಿಗ್ನಲ್, ಅಂದರೆ ಕಿಲ್ ಆಜ್ಞೆಗೆ -3 ಮತ್ತು ಪ್ರೋಸೆಸ್ ಸಂಖ್ಯೆ. ಟರ್ಮಿನಲ್‌ನಲ್ಲಿ ಓಡುತ್ತಿದ್ದರೆ ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಸಾಕು. ಎಲ್ಲ ಗೋರುಟೀನ್‌ಗಳ ಸ್ಟ್ಯಾಕ್ ಎರರ್ ಔಟ್‌ಪುಟ್‌ಗೆ ಬಂದು ಪ್ರೋಸೆಸ್ ಸಾಯುತ್ತದೆ. ಸಿಸ್ಟಮ್‌ಡಿ ಕೆಳಗೆ ಓಡುತ್ತಿದ್ದರೆ ಅದು ಜರ್ನಲ್‌ಗೆ ಸೇರುತ್ತದೆ.

ಇನ್ನೊಂದು ದಾರಿ ಗೋದ ಪ್ರೊಫೈಲ್ ಸಾಧನವಾದ ಪಿಪ್ರಾಫ್. ನೆಟ್ ಎಚ್‌ಟಿಟಿಪಿ ಪಿಪ್ರಾಫ್ ಪ್ಯಾಕೇಜ್ ಇಂಪೋರ್ಟ್ ಮಾಡಿದ್ದರೆ ಗೋರುಟೀನ್ ಎಂಬ ವಿಳಾಸಕ್ಕೆ ಡೀಬಗ್=2 ಸೇರಿಸಿ ಕೇಳಿ, ಪ್ರೋಸೆಸ್ ಸಾಯದೆ ಅದೇ ಪಠ್ಯ ಸಿಗುತ್ತದೆ. ಡೀಬಗ್=1 ಕೊಟ್ಟರೆ ಒಂದೇ ಥರದ ಸ್ಟ್ಯಾಕ್‌ಗಳನ್ನು ಗುಂಪು ಮಾಡಿ ಎಣಿಕೆ ತೋರಿಸುತ್ತದೆ. ಎರಡನ್ನೂ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಕ್ವಿಟ್ ಸಿಗ್ನಲ್ ಇಲ್ಲ. ಕಾಟಾದ ಕೋಣೆಯ ಕಂಪ್ಯೂಟರ್ ವಿಂಡೋಸ್ ಆಗಿದ್ದರೆ ಪಿಪ್ರಾಫ್ ಮೊದಲೇ ಹಾಕಿಟ್ಟಿರಬೇಕು.

ಪಿಪ್ರಾಫ್ ವಿಷಯದಲ್ಲಿ ಮೂರು ಎಚ್ಚರಿಕೆ. ಅದನ್ನು ಲೋಕಲ್‌ಹೋಸ್ಟ್‌ಗೆ ಮಾತ್ರ ಕಟ್ಟಿ, 6060 ಪೋರ್ಟ್ ವಾಡಿಕೆ. ಹೊರಗಿನ ನೆಟ್‌ವರ್ಕ್‌ಗೆ ತೆರೆದಿಟ್ಟರೆ ಪ್ರೋಗ್ರಾಮಿನ ಒಳಗುಟ್ಟೆಲ್ಲ ಬೀದಿಗೆ ಬಂದಂತೆ. ಎರಡನೆಯದು, ಮುಖ್ಯ ಸರ್ವರ್‌ನ ಮಿಡಲ್‌ವೇರ್ (ಪ್ರತಿ ವಿನಂತಿಯನ್ನೂ ಮೊದಲು ನೋಡುವ ಕೋಡ್) ಹಿಂದೆ ಅದನ್ನು ಇಡಬೇಡಿ. ಆ ಮಿಡಲ್‌ವೇರ್ ಸೆಷನ್ ನೋಡಲು ಸಿಕ್ಕಿಬಿದ್ದ ಲಾಕನ್ನೇ ಕೇಳಿದರೆ ಡಂಪ್ ಕೇಳಿದ ವಿನಂತಿಯೂ ಸಾಲಿನಲ್ಲಿ ನಿಲ್ಲುತ್ತದೆ. ಬೇರೆ ಪೋರ್ಟ್, ಬೇರೆ ಮಕ್ಸ್ (ವಿನಂತಿ ಹಂಚುವ ಭಾಗ) ಇರಲಿ. ಮೂರನೆಯದು, ಡೀಬಗ್=2 ಡಂಪ್ ಬರೆಯುವಾಗ ಇಡೀ ಪ್ರೋಗ್ರಾಮ್ ನಿಲ್ಲುತ್ತದೆ, ಮತ್ತು ಪಠ್ಯ 64 ಎಂಬಿಗೆ ಕತ್ತರಿಸಲ್ಪಡುತ್ತದೆ. ಲಕ್ಷಗಟ್ಟಲೆ ಗೋರುಟೀನ್ ಸೇರಿಕೊಂಡಿದ್ದರೆ ಡೀಬಗ್=1 ಹೆಚ್ಚು ಉಪಯೋಗ.

ಪಿಪ್ರಾಫ್‌ನಿಂದ 30 ಸೆಕೆಂಡ್ ಅಂತರದಲ್ಲಿ ಎರಡು ಡಂಪ್ ಬೇಕು. ಅದೇ ಗೋರುಟೀನ್ ಸಂಖ್ಯೆ, ಅದೇ ಸಾಲಿನಲ್ಲಿ ಎರಡರಲ್ಲೂ ಇದ್ದರೆ ಅದು ಸಿಕ್ಕಿಬಿದ್ದಿದೆ. ಇದಕ್ಕೊಂದು ಸಣ್ಣ ಸ್ಕ್ರಿಪ್ಟ್ ಬರೆದು ಆಪರೇಟರ್‌ನ ಡೆಸ್ಕ್‌ಟಾಪ್ ಮೇಲೆ ಇಡಿ: ಡಂಪ್, 30 ಸೆಕೆಂಡ್ ಬಿಟ್ಟು ಇನ್ನೊಂದು ಡಂಪ್, ಫೈಲಿಗೆ ದಿನಾಂಕ ಸಮಯ, ಆಮೇಲೆ ರಿಸ್ಟಾರ್ಟ್. ಗಾಡಿ ಸಾಲು ನಿಂತಾಗ ಫೋನಿನಲ್ಲಿ ಆಜ್ಞೆ ಒಂದೊಂದಾಗಿ ಹೇಳಿ ಮಾಡಿಸುವುದು ಆಗದ ಕೆಲಸ.

ಹಂತ 3: ಡಂಪ್ ಓದುವುದು

ಪ್ರತಿ ಗೋರುಟೀನಿನ ತಲೆಬರಹದಲ್ಲಿ ಸಂಖ್ಯೆ, ಚೌಕ ಕಂಸದಲ್ಲಿ ಕಾಯುವ ಕಾರಣ, ಅದರ ಪಕ್ಕ ಎಷ್ಟು ನಿಮಿಷ ಎಂದು ಇರುತ್ತದೆ. ಸಿಂಕ್ ಮ್ಯೂಟೆಕ್ಸ್ ಲಾಕ್ ಎಂದಿದ್ದರೆ ಲಾಕ್ ಕಾಯುತ್ತಿದೆ. ಹಳೆಯ ಆವೃತ್ತಿಗಳಲ್ಲಿ ಅದೇ ಜಾಗದಲ್ಲಿ ಸೆಮಾಕ್ವೈರ್ ಎಂದಷ್ಟೇ ಇರುತ್ತಿತ್ತು. ಚಾನ್ ಸೆಂಡ್, ಚಾನ್ ರಿಸೀವ್, ಸೆಲೆಕ್ಟ್ ಎಂಬುವು ಗೋರುಟೀನ್‌ಗಳು ಪರಸ್ಪರ ಮೌಲ್ಯ ಕಳಿಸುವ ಚಾನೆಲ್‌ಗೆ ಸೇರಿದವು. ನಿಲ್ ಚಾನ್ ಎಂದು ಕಂಡರೆ ಮೇಕ್ ಮಾಡದ ಚಾನೆಲ್ ಬಳಕೆಯಾಗಿದೆ, ಅದು ಎಂದೂ ಎಚ್ಚರವಾಗದು. ಐಒ ವೇಟ್ ಎಂದರೆ ನೆಟ್‌ವರ್ಕ್, ಸಾಮಾನ್ಯವಾಗಿ ನಿರುಪದ್ರವಿ.

ನಿಮಿಷದ ಸಂಖ್ಯೆಯನ್ನು ಕುರುಡಾಗಿ ನಂಬಬಾರದು. ಕಾಯಲು ತೊಡಗಿದ ಹೊತ್ತನ್ನು ರನ್‌ಟೈಮ್ ಆ ಕ್ಷಣದಲ್ಲೇ ಬರೆದುಕೊಳ್ಳುವುದಿಲ್ಲ. ಮುಂದಿನ ಸಲ ಗಾರ್ಬೇಜ್ ಕಲೆಕ್ಟರ್ ಆ ಸ್ಟ್ಯಾಕ್ ನೋಡುವಾಗ ಗುರುತು ಹಾಕುತ್ತದೆ. ಸ್ತಬ್ಧವಾದ ಪ್ರೋಗ್ರಾಮಿನಲ್ಲಿ ಮೆಮರಿ ಬಳಕೆಯೂ ನಿಂತಿರುವುದರಿಂದ 2 ನಿಮಿಷಕ್ಕೊಮ್ಮೆ ಸಿಸ್‌ಮಾನ್ ಬಲವಂತವಾಗಿ ಓಡಿಸುವ ಕಲೆಕ್ಷನ್ ಬರುವವರೆಗೂ ಗುರುತಿಲ್ಲ. ಅದರ ಮೇಲೆ 1 ನಿಮಿಷ ತುಂಬದೆ ಸಂಖ್ಯೆ ಮುದ್ರಣವಾಗುವುದಿಲ್ಲ. ಹಾಗಾಗಿ ಹ್ಯಾಂಗ್ ಆದ ಕೂಡಲೇ ತೆಗೆದ ಡಂಪಿನಲ್ಲಿ ನಿಮಿಷ ಕಾಣದಿದ್ದರೆ "ಈಗಷ್ಟೇ ಕಾಯಲು ಶುರುಮಾಡಿದೆ" ಎಂದು ಅದನ್ನು ಪಕ್ಕಕ್ಕೆ ತಳ್ಳಬೇಡಿ. ಎರಡು ಡಂಪ್ ತೆಗೆಯಿರಿ ಎಂದದ್ದು ಇದಕ್ಕಾಗಿಯೇ.

ಹಂತ 4: ಯಾರು ಯಾರನ್ನು ಕಾಯುತ್ತಿದ್ದಾರೆ

ನಮ್ಮ ಕಾಟಾ ಪ್ರೋಗ್ರಾಮಿನ ಡಂಪ್ ಸಂಕ್ಷೇಪಿಸಿದರೆ ಹೀಗಿರುತ್ತದೆ. ವಿಳಾಸಗಳ ಕೊನೆಯ 4 ಅಂಕಿ ಮಾತ್ರ ತೋರಿಸಿದೆ.

ಗೋರುಟೀನ್ 34 [ಮ್ಯೂಟೆಕ್ಸ್ ಲಾಕ್, 6 ನಿಮಿಷ]: ಲಾಕ್‌ಸ್ಲೋ(…4020), ಮೇನ್.ಒಳಗೆ, ಕಾಟಾ.ಗೋ ಸಾಲು 41
ಗೋರುಟೀನ್ 51 [ಮ್ಯೂಟೆಕ್ಸ್ ಲಾಕ್, 6 ನಿಮಿಷ]: ಲಾಕ್‌ಸ್ಲೋ(…4018), ಮೇನ್.ಹೊರಗೆ, ಕಾಟಾ.ಗೋ ಸಾಲು 58
ಗೋರುಟೀನ್ 52ರಿಂದ 87: ಲಾಕ್‌ಸ್ಲೋ(…4018), ಮೇನ್.ಒಳಗೆ, ಕಾಟಾ.ಗೋ ಸಾಲು 36

ಲಾಕ್‌ಸ್ಲೋ ಎಂಬುದು ಲಾಕ್ ಕೂಡಲೇ ಸಿಗದಾಗ ಓಡುವ ಒಳ ಫಂಕ್ಷನ್, ಅದರ ಆವರಣದಲ್ಲಿರುವುದು ಮ್ಯೂಟೆಕ್ಸ್‌ನ ವಿಳಾಸ. ಒಂದು ಮ್ಯೂಟೆಕ್ಸ್ ಗಾತ್ರ 8 ಬೈಟ್, ಹದಿನಾರರ ಲೆಕ್ಕದಲ್ಲಿ 4018ರ ಪಕ್ಕದ್ದು 4020. ಸ್ಟ್ರಕ್ಟ್‌ನಲ್ಲಿ ಕಾಟಾ ಮೊದಲು, ಯಾರ್ಡ್ ಆಮೇಲೆ ಬರೆದಿದ್ದರಿಂದ 4018 ಕಾಟಾ, 4020 ಯಾರ್ಡ್. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಆ ಮೌಲ್ಯ ಹಳತಾಗಿರಬಹುದು, ಸಾಲಿನ ಸಂಖ್ಯೆಯನ್ನೇ ಆಧಾರ ಮಾಡಿಕೊಳ್ಳಿ.

ಕಣ್ಣು ಮೊದಲು ಹೋಗುವುದು 36 ಗೋರುಟೀನ್‌ಗಳ ದೊಡ್ಡ ಗುಂಪಿನ ಕಡೆ. ಆದರೆ ಅವು ಸಾಲು 36ರಲ್ಲಿ, ಅಂದರೆ ಮೊದಲ ಲಾಕ್ ಕೇಳುವ ಜಾಗದಲ್ಲಿ ನಿಂತಿವೆ. ಅವುಗಳ ಕೈಯಲ್ಲಿ ಏನೂ ಇಲ್ಲ, ಸುಮ್ಮನೆ ಸಾಲಿನಲ್ಲಿ ನಿಂತ ಗಾಡಿಗಳು. ತಪ್ಪಿರುವುದು ಒಂಟಿಯಾಗಿ ಕಾಣುವ ಸ್ಟ್ಯಾಕ್‌ಗಳಲ್ಲಿ. ಡೀಬಗ್=1ರ ಪಟ್ಟಿ ದೊಡ್ಡ ಗುಂಪಿನಿಂದ ಸಣ್ಣದಕ್ಕೆ ಇಳಿಯುತ್ತದೆ, ನೀವು ಕೆಳಗಿನಿಂದ ಮೇಲಕ್ಕೆ ಓದಿ.

ಈಗ ಸೋರ್ಸ್ ತೆರೆದು ಪ್ರತಿ ಒಂಟಿ ಗೋರುಟೀನಿಗೆ ಎರಡು ಪ್ರಶ್ನೆ ಕೇಳಿ: ಏನನ್ನು ಕಾಯುತ್ತಿದೆ, ಇಲ್ಲಿಗೆ ಬರುವಷ್ಟರಲ್ಲಿ ಏನನ್ನು ಹಿಡಿದಿತ್ತು? ಗೋರುಟೀನ್ 34 ಸಾಲು 41ಕ್ಕೆ ಬರಬೇಕಾದರೆ ಸಾಲು 36 ದಾಟಿರಬೇಕು, ಆದ್ದರಿಂದ ಕಾಟಾ ಅದರ ಕೈಯಲ್ಲಿದೆ. 51 ಸಾಲು 58ಕ್ಕೆ ಬರಬೇಕಾದರೆ ಅದಕ್ಕೂ ಮೊದಲಿನ ಯಾರ್ಡ್ ಲಾಕ್ ಹಿಡಿದಿರಬೇಕು. 34 ಕಾಯುವುದು 51ರ ಕೈಯಲ್ಲಿರುವುದನ್ನು, 51 ಕಾಯುವುದು 34ರ ಕೈಯಲ್ಲಿರುವುದನ್ನು. ಹಾಳೆಯ ಮೇಲೆ ಬಾಣ ಹಾಕಿದರೆ ಚಕ್ರ ಮುಚ್ಚಿತು. ಲಾಕ್ ಹಿಡಿದದ್ದು ಈ ಫಂಕ್ಷನ್‌ನಲ್ಲಿ ಕಾಣದಿದ್ದರೆ ಸ್ಟ್ಯಾಕ್‌ನಲ್ಲಿ ಕೆಳಕ್ಕೆ, ಅದನ್ನು ಕರೆದವರ ಕಡೆ ಇಳಿಯುತ್ತ ಹೋಗಿ. ಡಿಫರ್ ಅನ್‌ಲಾಕ್ (ಫಂಕ್ಷನ್ ಮುಗಿಯುವಾಗ ಲಾಕ್ ಬಿಡು ಎಂಬ ಸಾಲು) ಬರೆದ ಫಂಕ್ಷನ್ ಸ್ಟ್ಯಾಕ್‌ನಲ್ಲಿ ಇದೆಯೆಂದರೆ ಬಹುಮಟ್ಟಿಗೆ ಲಾಕ್ ಇನ್ನೂ ಅದರ ಕೈಯಲ್ಲೇ ಇದೆ.

ಪಕ್ಕಾ ಮಾಡಿಕೊಳ್ಳಬೇಕೆಂದರೆ ಡೆಲ್ವ್ ಡೀಬಗರ್‌ನಿಂದ ಪ್ರೋಸೆಸ್‌ಗೆ ಅಟ್ಯಾಚ್ ಆಗಿ ಮ್ಯೂಟೆಕ್ಸ್ ಪ್ರಿಂಟ್ ಮಾಡಿ. ಸ್ಟೇಟ್ ಎಂಬ ಒಂದು ಪೂರ್ಣಾಂಕ ಕಾಣುತ್ತದೆ. ಅದರ ಕೆಳಗಿನ 3 ಬಿಟ್‌ಗಳಲ್ಲಿ 1 ಎಂದರೆ ಹಿಡಿದಿದೆ, 2 ಎಂದರೆ ಒಬ್ಬರನ್ನು ಎಬ್ಬಿಸಿದೆ, 4 ಎಂದರೆ ಹಸಿವಿನ ಸ್ಥಿತಿ (ಬಹಳ ಹೊತ್ತು ಕಾದವರಿಗೆ ಮೊದಲ ಪಾಳಿ). ಉಳಿದ ಮೇಲಿನ ಬಿಟ್‌ಗಳು ಕಾಯುವವರ ಸಂಖ್ಯೆ. ಇಲ್ಲಿ ಕಾಟಾದ ಸ್ಟೇಟ್ 297 ಎಂದು ಬಂದರೆ 8ರಿಂದ ಭಾಗಿಸಿ: 37 ಮಂದಿ ಕಾಯುತ್ತಿದ್ದಾರೆ, ಶೇಷ 1, ಲಾಕ್ ಯಾರೋ ಹಿಡಿದಿದ್ದಾರೆ. 36 ಸಾಲಿನವು ಮತ್ತು ಗೋರುಟೀನ್ 51 ಸೇರಿ 37, ಲೆಕ್ಕ ಕೂಡಿತು. ಯಾರ್ಡ್‌ನದು 9 ಇರಬೇಕು, ಒಬ್ಬರೇ ಕಾಯುವವರು. ಎಣಿಕೆ ಕೂಡದಿದ್ದರೆ ನೀವು ಬೇರೆ ಮ್ಯೂಟೆಕ್ಸ್ ನೋಡುತ್ತಿದ್ದೀರಿ, ಬಹುಶಃ ಮೌಲ್ಯವಾಗಿ ನಕಲಾದ ಸ್ಟ್ರಕ್ಟ್‌ನದು. ಸೋರ್ಸ್ ಪರೀಕ್ಷಿಸುವ ಗೋ ವೆಟ್‌ನ ಕಾಪಿಲಾಕ್ಸ್ ತಪಾಸಣೆ ಅಂಥದ್ದನ್ನು ಹಿಡಿದುಕೊಡುತ್ತದೆ.

ಬೇಗ ಕಣ್ಣಿಗೆ ಬೀಳದವು

ಡೇಟಾಬೇಸ್ ಪೂಲ್‌ನ (ಹಂಚಿಕೊಂಡು ಬಳಸುವ ಕನೆಕ್ಷನ್‌ಗಳ ಗುಂಪು) ಡೆಡ್‌ಲಾಕ್ ಬಹಳ ಕಾಡುತ್ತದೆ, ಏಕೆಂದರೆ ಅಲ್ಲಿ ಲಾಕ್ ಎಂಬ ಮಾತೇ ಡಂಪಿನಲ್ಲಿ ಕಾಣುವುದಿಲ್ಲ. ಗರಿಷ್ಠ ಕನೆಕ್ಷನ್ 10 ಎಂದು ಇಟ್ಟಿದ್ದೀರಿ. ರೈತರ ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಓದುವ ಲೂಪ್‌ನೊಳಗೆ ಪ್ರತಿ ರೈತನ ಬಾಕಿ ಹಣಕ್ಕೆ ಇನ್ನೊಂದು ಕ್ವೆರಿ. ಹೊರಗಿನ ರೋಸ್ (ಕ್ವೆರಿಯ ಫಲಿತಾಂಶ) ಮುಚ್ಚುವವರೆಗೆ ಒಂದು ಕನೆಕ್ಷನ್ ಹಿಡಿದಿರುತ್ತದೆ, ಒಳಗಿನದು ಎರಡನೆಯದನ್ನು ಕೇಳುತ್ತದೆ. ಒಮ್ಮೆಲೇ 10 ಜನ ಬಂದರೆ ಹತ್ತೂ ಕನೆಕ್ಷನ್ ಹೊರಗಿನ ಲೂಪ್‌ಗಳ ಕೈಯಲ್ಲಿ, ಹತ್ತೂ ಒಳಗಿನ ಕ್ವೆರಿ ಕಾಯುತ್ತ ಕೂರುತ್ತವೆ. ಡಂಪಿನಲ್ಲಿ ಸೆಲೆಕ್ಟ್ ಸ್ಥಿತಿ, ಡೇಟಾಬೇಸ್ ಎಸ್‌ಕ್ಯೂಎಲ್‌ನ ಕಾನ್ ಫಂಕ್ಷನ್ ಕಾಣುತ್ತದೆ. ಡಿಬಿ ಸ್ಟಾಟ್ಸ್‌ನಲ್ಲಿ ಇನ್‌ಯೂಸ್ 10ಕ್ಕೆ ಅಂಟಿಕೊಂಡಿದ್ದು ವೇಟ್‌ಕೌಂಟ್ ಏರುತ್ತಿದ್ದರೆ ಇದೇ. ಟೆಸ್ಟ್‌ನಲ್ಲಿ ಗರಿಷ್ಠ ಕನೆಕ್ಷನ್ 1 ಇಟ್ಟು ಓಡಿಸಿ, ಒಬ್ಬನೇ ಬಳಕೆದಾರ ಸಾಕು, ಕೂಡಲೇ ನಿಲ್ಲುತ್ತದೆ. ಮೊದಲ ಫಲಿತಾಂಶವನ್ನು ಸ್ಲೈಸ್‌ಗೆ ಓದಿ ಮುಚ್ಚಿದ ಮೇಲೆ ಎರಡನೇ ಕ್ವೆರಿಗೆ ಹೋಗುವುದು ಪರಿಹಾರ.

ಆರ್‌ಡಬ್ಲ್ಯೂ ಮ್ಯೂಟೆಕ್ಸ್‌ನಲ್ಲಿ (ಓದುಗರು ಹಲವರು, ಬರೆಯುವವನು ಒಬ್ಬನೇ ಇರಬಲ್ಲ ಲಾಕ್) ಒಬ್ಬನೇ ಎರಡು ಸಲ ಓದುವ ಲಾಕ್ ಹಿಡಿಯುವುದು ಇನ್ನೊಂದು. ಎರಡರ ನಡುವೆ ಬರೆಯುವವನು ಬಂದು ಕಾದರೆ, ಹೊಸ ಓದುಗರನ್ನು ಗೋ ಅವನ ಹಿಂದೆ ನಿಲ್ಲಿಸುತ್ತದೆ. ಓದುಗ ಬರೆಯುವವನನ್ನು ಕಾಯುತ್ತಾನೆ, ಬರೆಯುವವನು ಅದೇ ಓದುಗನ ಮೊದಲ ಲಾಕ್ ಬಿಡುವುದನ್ನು ಕಾಯುತ್ತಾನೆ.

ಚಾನೆಲ್‌ಗಳಲ್ಲಿ ಸಾಮಾನ್ಯ ದೋಷ ಇಷ್ಟು: ಬಫರ್ ಇಲ್ಲದ ಚಾನೆಲ್‌ಗೆ ಉತ್ತರ ಕಳಿಸುವ ಗೋರುಟೀನ್, ಅಷ್ಟರಲ್ಲಿ ಟೈಮ್‌ಔಟ್ ಆಗಿ ಎದ್ದುಹೋದ ಕೇಳುಗ. ಕಳಿಸುವವನು ಚಾನ್ ಸೆಂಡ್‌ನಲ್ಲಿ ಶಾಶ್ವತವಾಗಿ ಉಳಿಯುತ್ತಾನೆ. ಬಫರ್ 1 ಇಟ್ಟರೆ ಮುಗಿಯಿತು.

ಬ್ಲಾಕ್ ಪ್ರೊಫೈಲ್ ಮತ್ತು ಮ್ಯೂಟೆಕ್ಸ್ ಪ್ರೊಫೈಲ್‌ಗಳಲ್ಲಿ ಇವುಗಳನ್ನು ಹುಡುಕಿ ಸಮಯ ಕಳೆಯಬೇಡಿ. ಬ್ಲಾಕ್ ಪ್ರೊಫೈಲ್ ಕಾಯುವಿಕೆ ಮುಗಿದ ಮೇಲೆ ದಾಖಲಿಸುತ್ತದೆ, ಮ್ಯೂಟೆಕ್ಸ್ ಪ್ರೊಫೈಲ್ ಲಾಕ್ ಬಿಡುವಾಗ. ಡೆಡ್‌ಲಾಕ್‌ನಲ್ಲಿ ಇವೆರಡೂ ಆಗುವುದೇ ಇಲ್ಲ, ಪ್ರೊಫೈಲ್ ಸ್ವಚ್ಛವಾಗಿ ಕಾಣುತ್ತದೆ. ಒಂದೇ ಡೇಟಾವನ್ನು ಲಾಕ್ ಇಲ್ಲದೆ ಏಕಕಾಲಕ್ಕೆ ಮುಟ್ಟುವುದನ್ನು ಹಿಡಿಯುವ ರೇಸ್ ಡಿಟೆಕ್ಟರ್ ಕೂಡ ಡೆಡ್‌ಲಾಕ್ ಹುಡುಕುವ ಸಾಧನವಲ್ಲ.

ಸರಿಪಡಿಸಿ, ಟೆಸ್ಟ್‌ನಲ್ಲಿ ಕಾವಲು ಹಾಕುವುದು

1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ಡೆಡ್‌ಲಾಕ್‌ಗೆ ಬೇಕಾದ 4 ಷರತ್ತು ಹೇಳಿದರು: ಒಂದು ಸಲಕ್ಕೆ ಒಬ್ಬರ ಬಳಕೆ, ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವುದು, ಕಿತ್ತುಕೊಳ್ಳಲಾಗದಿರುವುದು, ಕಾಯುವಿಕೆಯ ಚಕ್ರ. ಒಂದನ್ನು ಮುರಿದರೆ ಸಾಕು. ಕಾಟಾ ಪ್ರೋಗ್ರಾಮಿನಲ್ಲಿ ಸುಲಭವಾದದ್ದು ಎರಡನೆಯದು: ಯಾರ್ಡ್ ಲಾಕ್ ಬಿಟ್ಟು ಆಮೇಲೆ ಕಾಟಾ ಕೇಳುವುದು. ಎರಡೂ ಒಟ್ಟಿಗೇ ಬೇಕೆಂದರೆ ಎಲ್ಲ ಕಡೆ ಕಾಟಾ ಮೊದಲು, ಯಾರ್ಡ್ ಆಮೇಲೆ ಎಂಬ ಕ್ರಮವನ್ನು ಸ್ಟ್ರಕ್ಟ್ ಪಕ್ಕದಲ್ಲೇ ಕಾಮೆಂಟ್ ಆಗಿ ಬರೆದಿಡಿ. ಲಾಕ್ ಹಿಡಿದು ಚಾನೆಲ್‌ಗೆ ಕಳಿಸುವುದು, ಕಾಲ್‌ಬ್ಯಾಕ್ ಕರೆಯುವುದು ಬೇಡ. ಗೋ 1.18ರಿಂದ ಇರುವ ಟ್ರೈಲಾಕ್ (ಲಾಕ್ ಸಿಗದಿದ್ದರೆ ಕಾಯದೆ ವಾಪಸಾಗುವ ಫಂಕ್ಷನ್) ಬಳಸಿ ಸುತ್ತಿ ಸುತ್ತಿ ಪ್ರಯತ್ನಿಸುವುದು ಡೆಡ್‌ಲಾಕನ್ನು ಲೈವ್‌ಲಾಕ್ ಮಾಡುವ ದಾರಿ, ಅದನ್ನು ನಾವು ಶಿಫಾರಸು ಮಾಡುವುದಿಲ್ಲ.

ಟೆಸ್ಟ್‌ಗಳಿಗೆ ಟೈಮ್‌ಔಟ್ ಕಡ್ಡಾಯ. ತಾನಾಗಿಯೇ ಇರುವುದು 10 ನಿಮಿಷ, ಅದನ್ನು 30 ಸೆಕೆಂಡಿಗೆ ಇಳಿಸಿ. ಮೀರಿದರೆ ಗೋ ಟೆಸ್ಟ್ ಎಲ್ಲ ಸ್ಟ್ಯಾಕ್ ಚೆಲ್ಲಿಯೇ ನಿಲ್ಲುತ್ತದೆ. ಗೋ-ಡೆಡ್‌ಲಾಕ್ ಎಂಬ ಲೈಬ್ರರಿ ಮ್ಯೂಟೆಕ್ಸ್ ಬದಲಿಗೆ ಕೂರುತ್ತದೆ. ಅದು ಲಾಕ್ ಹಿಡಿದ ಕ್ರಮ ಉಲ್ಟಾ ಆದದ್ದನ್ನು, 30 ಸೆಕೆಂಡ್ ಮೀರಿ ಕಾದದ್ದನ್ನು ವರದಿ ಮಾಡುತ್ತದೆ. ಕ್ರಮದ ತಪ್ಪನ್ನು ನಿಜವಾಗಿ ಸಿಕ್ಕಿಬೀಳುವ ಮುಂಚೆಯೇ ಹಿಡಿಯುವುದು ಅದರ ದೊಡ್ಡ ಗುಣ. ವೇಗ ತಗ್ಗುವುದರಿಂದ ಟೆಸ್ಟ್ ಬಿಲ್ಡ್‌ನಲ್ಲಿ ಮಾತ್ರ ಇಡಿ. 1.25ರಲ್ಲಿ ಬಂದ ಸಿಂಕ್‌ಟೆಸ್ಟ್, ಬಬಲ್‌ (ಟೆಸ್ಟಿನ ಪ್ರತ್ಯೇಕ ಆವರಣ) ಒಳಗಿನ ಎಲ್ಲ ಗೋರುಟೀನ್ ಸ್ಥಿರವಾಗಿ ಸಿಕ್ಕಿಬಿದ್ದರೆ ಡೆಡ್‌ಲಾಕ್ ಎಂದು ಟೆಸ್ಟ್ ಬೀಳಿಸುತ್ತದೆ. ಆದರೆ ಮ್ಯೂಟೆಕ್ಸ್ ಮೇಲೆ ಕಾಯುವುದನ್ನು ಅದು ಸ್ಥಿರ ಎಂದು ಎಣಿಸುವುದಿಲ್ಲ, ಚಾನೆಲ್ ಪ್ರಕರಣಗಳಿಗಷ್ಟೇ ನೆಚ್ಚಿಕೊಳ್ಳಿ. 1.26ರಲ್ಲಿ ಪ್ರಾಯೋಗಿಕವಾಗಿ ಬಂದ ಗೋರುಟೀನ್ ಲೀಕ್ ಪ್ರೊಫೈಲ್, ಮೇಲೆ ಹೇಳಿದ ಹ್ಯಾಸ್ಕೆಲ್ ದಾರಿಯಲ್ಲೇ, ಇನ್ನು ಯಾರೂ ಎಬ್ಬಿಸಲಾಗದ ಗೋರುಟೀನ್‌ಗಳನ್ನು ಗಾರ್ಬೇಜ್ ಕಲೆಕ್ಟರ್ ನೆರವಿನಿಂದ ಗುರುತಿಸುತ್ತದೆ. ಅರ್ಧ ಪ್ರೋಗ್ರಾಮ್ ಮಾತ್ರ ಸಿಕ್ಕಿಬಿದ್ದಾಗ ಚೆಕ್‌ಡೆಡ್ ಮಾಡಲಾಗದ ಕೆಲಸ ಇದು.

ನಿಮ್ಮದೇ ಶೆಡ್ಯೂಲರ್ ಬರೆಯುತ್ತಿದ್ದರೆ

ವಿಟಿಯು ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಸಣ್ಣ ಭಾಷೆ, ಸಣ್ಣ ರನ್‌ಟೈಮ್ ಕಟ್ಟುವವರು ಪತ್ತೆಕಾರನನ್ನೂ ಸೇರಿಸಬಹುದು. ಮೂರು ಎಣಿಕೆ ಇಟ್ಟುಕೊಳ್ಳಿ: ಓಡುತ್ತಿರುವ ಅಥವಾ ಓಡಲು ಸಿದ್ಧವಿರುವ ಟಾಸ್ಕ್‌ಗಳು, ಒಳಗಿನ ವಸ್ತುವಿಗೆ ಕಾಯುವವು, ಹೊರಗಿನದಕ್ಕೆ ಅಂದರೆ ಟೈಮರ್, ಐಒ, ಸಿಗ್ನಲ್, ಬೇರೆ ಭಾಷೆಯ ಥ್ರೆಡ್‌ಗೆ ಕಾಯುವವು. ಮೊದಲನೆಯದು 0, ಮೂರನೆಯದು 0, ಎರಡನೆಯದು 0ಗಿಂತ ಹೆಚ್ಚು ಎಂದಾದರೆ ಡೆಡ್‌ಲಾಕ್. ಮೂರೂ 0 ಆದರೆ ಪ್ರೋಗ್ರಾಮ್ ಮುಗಿದಿದೆ. ಕಸ ಗುಡಿಸುವ, ಲಾಗ್ ಬರೆಯುವ ನಿಮ್ಮ ಸ್ವಂತ ಟಾಸ್ಕ್‌ಗಳನ್ನು ಎಣಿಕೆಯಿಂದ ಹೊರಗಿಡಿ. ಇಲ್ಲದಿದ್ದರೆ ಸರಿಯಾಗಿ ಮುಗಿದ ಪ್ರೋಗ್ರಾಮೂ ಡೆಡ್‌ಲಾಕ್ ಎನಿಸಿಕೊಳ್ಳುತ್ತದೆ.

ಎಡವುವುದು ಸುಳ್ಳು ಎಚ್ಚರಿಕೆಯಲ್ಲಿ. ಕೊನೆಯ ವರ್ಕರ್ ಕ್ಯೂ ನೋಡಿ ಖಾಲಿ ಎಂದುಕೊಂಡಿತು. ಅದು "ನಾನು ಮಲಗಿದೆ" ಎಂದು ಬರೆಯುವ ಮುಂಚೆ ಹೊರಗಿನ ಥ್ರೆಡ್ ಒಂದು ಟಾಸ್ಕ್ ಹಾಕಿತು, ಮಲಗಿದವರು ಯಾರೂ ಇಲ್ಲವೆಂದು ಎಬ್ಬಿಸಲಿಲ್ಲ. ಈಗ ಕ್ಯೂನಲ್ಲಿ ಕೆಲಸವಿದೆ, ಎಲ್ಲರೂ ಮಲಗಿದ್ದಾರೆ. ತಪ್ಪಿಸಲು ಕ್ರಮ ಹೀಗಿರಲಿ: ವರ್ಕರ್ ಮೊದಲು ತಾನು ಖಾಲಿ ಎಂದು ಬರೆಯಬೇಕು, ಆಮೇಲೆ ಎಲ್ಲ ಕ್ಯೂಗಳನ್ನು ಮತ್ತೊಮ್ಮೆ ನೋಡಬೇಕು, ಆಮೇಲೆ ಮಲಗಬೇಕು. ಹಾಕುವವರು ಮೊದಲು ಕ್ಯೂಗೆ ಹಾಕಿ ಆಮೇಲೆ ಖಾಲಿ ಎಣಿಕೆ ನೋಡಬೇಕು. ಎರಡೂ ಕಡೆ ಬರೆಯುವುದಕ್ಕೂ ಓದುವುದಕ್ಕೂ ನಡುವೆ ಪೂರ್ಣ ಮೆಮರಿ ಬೇಲಿ (ಓದು ಬರಹದ ಕ್ರಮ ಅದಲುಬದಲಾಗದಂತೆ ತಡೆಯುವ ಸೂಚನೆ) ಬೇಕು. ಬರೆದದ್ದಕ್ಕಿಂತ ಮುಂಚೆ ನಂತರದ ಓದು ನಡೆದುಬಿಡುವುದು ಎಕ್ಸ್86 ಪ್ರೊಸೆಸರ್‌ನಲ್ಲೂ ಆಗುತ್ತದೆ. ಡೆಡ್‌ಲಾಕ್ ಎಂದು ತೀರ್ಮಾನಿಸುವ ಎಣಿಕೆ ಮಾತ್ರ ಶೆಡ್ಯೂಲರ್‌ನ ಲಾಕ್ ಹಿಡಿದೇ ನಡೆಯಲಿ. ಅದು ಅಪರೂಪದ ಕೆಲಸ, ಅಲ್ಲಿ ವೇಗ ಮುಖ್ಯವಲ್ಲ.

ಗೋ ಮಾಡುವಂತೆ ಆ ಎಣಿಕೆಯೊಳಗೊಂದು ಸ್ವಪರೀಕ್ಷೆ ಸೇರಿಸಿ: ಓಡುವವರು 0 ಎಂದು ಲೆಕ್ಕ ಹೇಳುವಾಗ ಪಟ್ಟಿಯಲ್ಲಿ ಸಿದ್ಧ ಸ್ಥಿತಿಯ ಟಾಸ್ಕ್ ಕಂಡರೆ ಬಳಕೆದಾರರ ಪ್ರೋಗ್ರಾಮನ್ನು ದೂರದೆ ರನ್‌ಟೈಮ್ ದೋಷ ಎಂದು ಬೇರೆ ಸಂದೇಶ ಕೊಡಿ. ಟೆಸ್ಟ್ ಮಾಡುವಾಗ ವರ್ಕರ್ ಥ್ರೆಡ್ 1, 2, ಮತ್ತು ಮಷೀನಿನ ಕೋರ್‌ಗಳಿಗಿಂತ ಹೆಚ್ಚು, ಹೀಗೆ ಮೂರು ಬಗೆಯಲ್ಲಿ ಓಡಿಸಿ. ಡೆಡ್‌ಲಾಕ್ ಇರುವ ಮತ್ತು ಇರದ ಪ್ರೋಗ್ರಾಮ್‌ಗಳನ್ನು ತಲಾ ಸಾವಿರ ಸಲ. ಎಬ್ಬಿಸುವ ಕೋಡ್‌ನ ಸುಳ್ಳು ಎಚ್ಚರಿಕೆಗಳು ಕೋರ್‌ಗಿಂತ ಹೆಚ್ಚು ಥ್ರೆಡ್ ಇದ್ದಾಗ ಬೇಗ ಹೊರಬೀಳುತ್ತವೆ, ಏಕೆಂದರೆ ಆಗ ಆಪರೇಟಿಂಗ್ ಸಿಸ್ಟಮ್ ಥ್ರೆಡ್‌ಗಳನ್ನು ಎಲ್ಲೆಂದರಲ್ಲಿ ತಡೆದು ನಿಲ್ಲಿಸುತ್ತದೆ.